ಕೈ ಬಿಡುವ ವಿದ್ಯೆ

ಚೆನ್ನೈನ ರಾಯಪುರಂನಲ್ಲಿ ಸಮುದ್ರ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ತಾಕುತ್ತದೆ. ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು 1856ರಲ್ಲಿ ವಾಲಾಜಾ ರೋಡಿನ ಕಡೆಗೆ ಹೊರಟದ್ದು ಇಲ್ಲಿನ ನಿಲ್ದಾಣದಿಂದ. ಆ ಕಟ್ಟಡ ಇನ್ನೂ ನಿಂತಿದೆ. ಅಲ್ಲಿಂದ ಕಡಲಿನ ಕಡೆ ಮುಖ ಮಾಡಿ ನಡೆದರೆ ಮಂಜುಗಡ್ಡೆ ಪುಡಿ ಮಾಡುವ ಸದ್ದು, ಡೀಸೆಲ್ ವಾಸನೆ, ಬುಟ್ಟಿ ಹೊತ್ತ ಹೆಂಗಸರು, ಕಾಸಿಮೇಡಿನ ಮೀನುಗಾರಿಕೆ ಬಂದರು. ಉತ್ತರಕ್ಕೆ ತಿರುಗಿದರೆ ರಸ್ತೆಯ ಉದ್ದಕ್ಕೂ ಕಡಲೇ. ಆದರೆ ಒಂದು ಮಗುವಿನ ಕೈ ಹಿಡಿದು, ಕಣಕಾಲು ಮುಳುಗುವಷ್ಟು ನೀರಿನಲ್ಲಿ ನಿಲ್ಲಿಸಲು ಜಾಗ ಹುಡುಕಿ ನೋಡಿ. ಆನೆಮರಿಯಷ್ಟು ದಪ್ಪದ ಬಂಡೆಗಳನ್ನು ಒಂದರ ಮೇಲೊಂದು ಸುರಿದ ತಡೆಗೋಡೆ, ಅದರ ಬುಡಕ್ಕೆ ಅಪ್ಪಳಿಸುವ ಅಲೆ. ಮರಳು ತೀರಾ ಕಡಿಮೆ.

ಇದಕ್ಕೆ ಕಾರಣ ಪಕ್ಕದಲ್ಲೇ ಇದೆ. ಈ ಕರಾವಳಿಯಲ್ಲಿ ಮರಳು ಒಂದೇ ಕಡೆ ನಿಲ್ಲುವುದಿಲ್ಲ. ನೈಋತ್ಯ ಮುಂಗಾರಿನ ತಿಂಗಳುಗಳಲ್ಲಿ ಅಲೆಗಳು ಅದನ್ನು ಉತ್ತರಕ್ಕೆ ತಳ್ಳುತ್ತವೆ, ಹಿಂಗಾರಿನಲ್ಲಿ ದಕ್ಷಿಣಕ್ಕೆ ತರುತ್ತವೆ. ವರ್ಷದ ಲೆಕ್ಕ ಕೂಡಿ ಕಳೆದರೆ ಉತ್ತರಕ್ಕೆ ಹೋದದ್ದೇ ಹೆಚ್ಚು. 1870ರ ದಶಕದಲ್ಲಿ ಮದರಾಸಿನ ಬಂದರಿಗಾಗಿ ಕಡಲೊಳಗೆ ಕಲ್ಲಿನ ತೋಳು ಚಾಚಿದಾಗ ಈ ಮರಳಿನ ದಾರಿಗೆ ಅಡ್ಡ ಬಿತ್ತು. ತೋಳಿನ ದಕ್ಷಿಣಕ್ಕೆ ಮರಳು ಸೇರುತ್ತಾ ಸೇರುತ್ತಾ ಇಂದಿನ ಅಗಲವಾದ ಮರೀನಾ ಕಡಲತೀರ ಬೆಳೆಯಿತು. ಉತ್ತರಕ್ಕೆ ಬರಬೇಕಾದದ್ದು ಬರಲಿಲ್ಲ, ಇದ್ದದ್ದನ್ನು ಕಡಲು ಕೊಂಡೊಯ್ದಿತು. ಮರೀನಾ ಮತ್ತು ರಾಯಪುರಂ ಒಂದೇ ಲೆಕ್ಕದ ಪುಸ್ತಕದ ಜಮೆ ಮತ್ತು ಖರ್ಚು.

ಈ ಅಧ್ಯಾಯಕ್ಕೆ ಮರಳಿನ ಕಥೆ ಯಾಕೆ ಬೇಕಾಯಿತೆಂದರೆ, ನಾನು ವಾರಕ್ಕೆರಡು ಬೆಳಗ್ಗೆ ನೀರಿನಲ್ಲಿ ಎತ್ತಿಕೊಳ್ಳುತ್ತಿದ್ದ ಹುಡುಗ ಈ ಬಂಡೆಗಳ ಹಿಂದಿನ ಒಂದು ಬೀದಿಯವನು. ವಯಸ್ಸು ಎಂಟು. ಮನೆಯ ಗಂಡಸರೆಲ್ಲ ಕಡಲಿಗೆ ಹೋಗುವವರು. ಹುಡುಗನಿಗೆ ಸೆರೆಬ್ರಲ್ ಪಾಲ್ಸಿ. ಎರಡೂ ಕಾಲಿನ ಸ್ನಾಯುಗಳು ಸದಾ ಬಿಗಿದಿರುತ್ತವೆ, ನಿಲ್ಲಿಸಿದರೆ ಮೊಣಕಾಲುಗಳು ಕತ್ತರಿಯಂತೆ ಒಂದನ್ನೊಂದು ದಾಟುತ್ತವೆ. ಅಲೆಯ ಸದ್ದಿನಲ್ಲೇ ಹುಟ್ಟಿ ಬೆಳೆದ ಮಗು ನೀರಿಗೆ ಇಳಿದದ್ದು ಮಾತ್ರ ಒಂದು ಈಜುಕೊಳದಲ್ಲಿ, ಅದೂ ಎರಡು ಬಸ್ಸು ಬದಲಿಸಿ. ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಈಜು ಕಲಿಸುವ ಒಂದು ಗುಂಪಿಗೆ ನಾನು ಸ್ವಯಂಸೇವಕಿಯಾಗಿ ಸೇರಿದ್ದೆ. ಭೌತವಿಜ್ಞಾನ ಓದಿದವಳು, ತೇಲುವಿಕೆಯ ಪಾಠವನ್ನು ತರಗತಿಯಲ್ಲಿ ಎಷ್ಟೋ ಸಲ ಮಾಡಿದವಳು. ಆ ಪಾಠ ನನಗೆ ಅರ್ಥವಾಗಿರಲಿಲ್ಲ ಎಂದು ತಿಳಿದದ್ದು ಮೊದಲ ದಿನವೇ.

ನಮ್ಮ ಊರುಗಳಲ್ಲಿ ಈಜು ಕಲಿತ ಬಗೆ ನೆನಪಿದೆಯಲ್ಲ? ಸೊಂಟಕ್ಕೆ ಒಣಗಿದ ಸೋರೆಬುರುಡೆ, ಇಲ್ಲವೇ ಬೆಂಡು, ಕೆಲವು ಕಡೆ ಬೆನ್ನಿಗೆ ಖಾಲಿ ಡಬ್ಬ. ಬಾವಿಯ ಮೆಟ್ಟಿಲ ಮೇಲೆ ಸೋದರಮಾವನೋ ದೊಡ್ಡಪ್ಪನೋ ನಿಂತು ಹಗ್ಗ ಹಿಡಿದಿರುತ್ತಿದ್ದ. ಹೆದರಿದವರನ್ನು ಹಿಂದಿನಿಂದ ತಳ್ಳಿಬಿಡುವುದೂ ಇತ್ತು. ಕೈಕಾಲು ಬಡಿದು ಹೇಗೋ ದಡ ಸೇರುತ್ತಿದ್ದೆವು. ಆ ವಿಧಾನ ಒಂದು ವಿಷಯವನ್ನು ಮಾತಾಡದೆಯೇ ನಂಬಿಕೊಂಡಿತ್ತು: ಗಾಬರಿಯಾದಾಗ ಮಗುವಿನ ಎರಡೂ ಕೈ, ಎರಡೂ ಕಾಲು ಒಂದೇ ರೀತಿ ಬಡಿಯುತ್ತವೆ, ತಲೆ ತಾನಾಗಿ ಮೇಲೆದ್ದು ಉಸಿರು ಸಿಗುತ್ತದೆ ಎಂದು. ಈ ಹುಡುಗನಲ್ಲಿ ಹಾಗಾಗುವುದಿಲ್ಲ. ಗಾಬರಿಯಾದರೆ ಸ್ನಾಯು ಇನ್ನಷ್ಟು ಬಿಗಿಯುತ್ತದೆ. ತಲೆಯನ್ನು ಒಂದು ಕಡೆ ತಿರುಗಿಸಿದರೆ ಆ ಕಡೆಯ ಕೈ ತನ್ನಷ್ಟಕ್ಕೆ ಚಾಚಿಕೊಂಡು, ಇನ್ನೊಂದು ಕಡೆಯದು ಮಡಚಿಕೊಳ್ಳುತ್ತದೆ. ಇದು ಪ್ರತಿ ಶಿಶುವಿನಲ್ಲೂ ಇರುವ ಕುತ್ತಿಗೆಯ ಪ್ರತಿವರ್ತನೆ. ಸಾಮಾನ್ಯವಾಗಿ ಹುಟ್ಟಿದ ಆರು ತಿಂಗಳ ಆಚೀಚೆ ಮರೆಯಾಗುತ್ತದೆ, ಸೆರೆಬ್ರಲ್ ಪಾಲ್ಸಿ ಇರುವ ಹಲವು ಮಕ್ಕಳಲ್ಲಿ ಉಳಿದುಬಿಡುತ್ತದೆ. ಹೀಗಾಗಿ ಉಸಿರಿಗೆಂದು ತಲೆ ಹೊರಳಿಸಿದ ಕ್ಷಣದಲ್ಲೇ ಮೈಯೆಲ್ಲ ಮಗುಚುತ್ತದೆ.

ತೇಲುವುದೆಂದರೆ ಸಾಂದ್ರತೆಯ ಲೆಕ್ಕ ಎಂದಷ್ಟೇ ನಾನು ಹೇಳಿಕೊಡುತ್ತಿದ್ದೆ. ಎದೆ ತುಂಬ ಉಸಿರಿದ್ದರೆ ಹೆಚ್ಚಿನವರ ದೇಹ ಸಿಹಿನೀರಿಗಿಂತ ತುಸುವೇ ಹಗುರ, ಉಪ್ಪುನೀರಿನಲ್ಲಿ ಇನ್ನೂ ಸ್ವಲ್ಪ ಮೇಲೆ. ಲೆಕ್ಕ ಸರಿ. ಆದರೆ ತೇಲುವುದಕ್ಕೂ ಮೂಗು ಮೇಲಿರುವಂತೆ ತೇಲುವುದಕ್ಕೂ ನಡುವಿನ ದೂರ ದೊಡ್ಡದು. ನಮ್ಮ ತೂಕ ಕೇಂದ್ರೀಕರಿಸುವುದು ಹೊಕ್ಕುಳಿನ ಕೆಳಗೆ, ಸೊಂಟದ ಹತ್ತಿರ. ನೀರು ಮೇಲಕ್ಕೆ ತಳ್ಳುವ ಬಲ ಕೇಂದ್ರೀಕರಿಸುವುದು ಎದೆಯ ಬಳಿ, ಶ್ವಾಸಕೋಶದ ಗಾಳಿ ಅಲ್ಲಿರುವುದರಿಂದ. ಎಳೆಯುವ ಕೈ ಒಂದು ಕಡೆ, ಎತ್ತುವ ಕೈ ಇನ್ನೊಂದು ಕಡೆ ಇದ್ದರೆ ವಸ್ತು ತಿರುಗುತ್ತದೆ. ಅಂಗಾತ ಮಲಗಿದವನ ಕಾಲು ಮೆಲ್ಲಗೆ ಕೆಳಗಿಳಿಯುವುದು ಇದರಿಂದ. ತೋಳುಗಳನ್ನು ತಲೆಯ ಮೇಲಕ್ಕೆ ಚಾಚಿ ಮಲಗಿದರೆ ತೂಕದ ಕೇಂದ್ರ ಎದೆಯ ಕಡೆ ಸರಿಯುತ್ತದೆ, ಕಾಲು ಮೇಲೆ ಬರುತ್ತದೆ. ಇದು ಉದ್ದುದ್ದದ ಲೆಕ್ಕ. ಅಡ್ಡಡ್ಡಕ್ಕೆ ಇನ್ನೊಂದಿದೆ. ದೇಹದ ಎಡ ಬಲಗಳ ಆಕಾರವೋ ಸಾಂದ್ರತೆಯೋ ಬೇರೆಯಾದರೆ, ಅಂದರೆ ಒಂದು ಕಾಲು ಸಣಕಲಾಗಿದ್ದರೆ, ಒಂದು ತೋಳು ಮಡಚಿಕೊಂಡೇ ಇದ್ದರೆ, ಒಂದು ಅಂಗ ಇಲ್ಲದಿದ್ದರೆ, ದೇಹ ಸುಮ್ಮನೆ ಬಿಟ್ಟಾಗಲೂ ಒಂದು ಪಕ್ಕಕ್ಕೆ ಉರುಳುತ್ತದೆ. ತಲೆಯನ್ನು ಎಡಕ್ಕೆ ತಿರುಗಿಸಿದರೆ ಎಡಕ್ಕೆ, ಬಲಕ್ಕೆ ತಿರುಗಿಸಿದರೆ ಬಲಕ್ಕೆ. ನೆಲದ ಮೇಲೆ ಮಲಗಿದವರಿಗೆ ನೆಲವೇ ಆಧಾರ. ನೀರಿನಲ್ಲಿ ಆ ಆಧಾರವನ್ನು ಕ್ಷಣಕ್ಷಣಕ್ಕೂ ಮೈಯೇ ಹುಡುಕಿಕೊಳ್ಳಬೇಕು.

ಇದನ್ನು ನನಗೆ ಸರಿಯಾಗಿ ಅರ್ಥ ಮಾಡಿಸಿದವರು ಹುಡುಗನ ತಾತ. ಒಂದು ದಿನ ಮೊಮ್ಮಗನ ಜೊತೆ ಬಂದು ಕೊಳದ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಹುಡುಗ ಪದೇ ಪದೇ ಎಡಕ್ಕೆ ಮಗುಚುವುದನ್ನು ಕಂಡು ತಮಿಳಿನಲ್ಲಿ ಹೇಳಿದರು: ಒಂಟಿ ಮರ ಉರುಳುತ್ತೆ, ಕಟ್ಟಿದ ಮರ ಉರುಳಲ್ಲ. ಕಟ್ಟುಮರಂ ಅಂದರೆ ಅದೇ, ಹಗುರ ಮರದ ದಿಮ್ಮಿಗಳನ್ನು ಪಕ್ಕಪಕ್ಕ ಇಟ್ಟು ಹಗ್ಗದಿಂದ ಕಟ್ಟಿದ್ದು. ಇಂಗ್ಲಿಷಿನ ಕ್ಯಾಟಮರಾನ್ ಹುಟ್ಟಿದ್ದು ಈ ತೀರದ ಮಾತಿನಿಂದ. ದುಂಡಗಿನ ಒಂದೇ ದಿಮ್ಮಿಯ ಮೇಲೆ ಕೂತರೆ ಅದು ತಿರುಗಿ ನಿಮ್ಮನ್ನು ಬೀಳಿಸುತ್ತದೆ. ಮೂರನ್ನು ಕಟ್ಟಿದರೆ, ಒಂದು ಪಕ್ಕ ಅದುಮಿದಾಗ ಅಲ್ಲಿನ ಮರ ಹೆಚ್ಚು ಮುಳುಗುತ್ತದೆ, ಹೆಚ್ಚು ನೀರನ್ನು ಸರಿಸುತ್ತದೆ, ಅಲ್ಲಿಯೇ ಮೇಲೆತ್ತುವ ಬಲ ಹೆಚ್ಚಿ ತೆಪ್ಪವನ್ನು ಮತ್ತೆ ಸಮ ಮಾಡುತ್ತದೆ. ಅಗಲವೇ ಅದರ ಸ್ಥಿರತೆ. ಹುಡುಗನ ತೋಳುಗಳನ್ನು ಪಕ್ಕಕ್ಕೆ ಹರವಿಸಿ, ಕಾಲುಗಳ ನಡುವೆ ಅಂತರ ಬಿಡಿಸಿದಾಗ ಅವನ ಮೈಯೂ ಕಟ್ಟಿದ ಮರವಾಯಿತು. ಉರುಳುವುದು ನಿಲ್ಲಲಿಲ್ಲ, ಆದರೆ ನಿಧಾನವಾಯಿತು. ಕಲಿಯುವುದಕ್ಕೆ ಬೇಕಾದದ್ದು ಆ ನಿಧಾನ.

ಈ ಎಲ್ಲವನ್ನೂ ಒಂದು ಕಲಿಕೆಯ ಕ್ರಮವಾಗಿ ಹೆಣೆದ ವ್ಯಕ್ತಿ ವೈದ್ಯನಲ್ಲ, ಈಜು ತರಬೇತುದಾರನೂ ಅಲ್ಲ. ಜೇಮ್ಸ್ ಮ್ಯಾಕ್‌ಮಿಲನ್ ದ್ರವಗಳ ಚಲನೆಯನ್ನು ಬಲ್ಲ ಎಂಜಿನಿಯರ್. 1949ರಲ್ಲಿ ಉತ್ತರ ಲಂಡನ್ನಿನ ಹ್ಯಾಲಿವಿಕ್ ಎಂಬ ಶಾಲೆಯ, ಅಂಗವೈಕಲ್ಯವಿದ್ದ ಹುಡುಗಿಯರನ್ನು ಸೌತ್‌ಗೇಟ್ ಈಜುಕೊಳಕ್ಕೆ ಕರೆತಂದು ಕಲಿಸತೊಡಗಿದರು. 1952ರಲ್ಲಿ ಅದಕ್ಕೊಂದು ಸಂಘವೂ ಆಯಿತು. ಇಂದು ಜಗತ್ತಿನ ಹಲವೆಡೆ ಈ ಕೆಲಸಕ್ಕೆ ಹ್ಯಾಲಿವಿಕ್ ವಿಧಾನ ಎಂಬ ಹೆಸರಿದೆ. ಅದರ ಎರಡು ನಿಯಮಗಳು ನನಗೆ ಈಗಲೂ ಬಹಳ ದೊಡ್ಡವಾಗಿ ಕಾಣುತ್ತವೆ. ಒಂದು, ಪ್ರತಿ ಮಗುವಿಗೂ ಅದರದೇ ಒಬ್ಬ ಸಹಾಯಕ. ಇನ್ನೊಂದು, ಬೆಂಡಿಲ್ಲ, ಗಾಳಿ ತುಂಬಿದ ತೋಳುಪಟ್ಟಿ ಇಲ್ಲ.

ಎರಡನೆಯದನ್ನು ಕೇಳಿ ಹೆತ್ತವರು ಬೆಚ್ಚುತ್ತಾರೆ, ನಾನೂ ಬೆಚ್ಚಿದ್ದೆ. ಆದರೆ ಭೌತವಿಜ್ಞಾನ ಸ್ಪಷ್ಟ. ತೋಳಿಗೆ ಗಾಳಿಯ ಪಟ್ಟಿ ಕಟ್ಟಿದಾಗ ಮೇಲೆತ್ತುವ ಬಲದ ಕೇಂದ್ರ ಬೇರೆಯಾಗುತ್ತದೆ. ಮಗು ತನ್ನದಲ್ಲದ ಒಂದು ದೇಹವನ್ನು ಸಂಭಾಳಿಸಲು ಕಲಿಯುತ್ತದೆ. ಪಟ್ಟಿ ತೆಗೆದ ದಿನ ಕಲಿತದ್ದೆಲ್ಲ ಸುಳ್ಳಾಗುತ್ತದೆ. ಸಹಾಯಕನ ಕೈ ಹಾಗಲ್ಲ, ಬೇಕಾದಷ್ಟೇ ಕೊಟ್ಟು ಬೇಡವಾದಾಗ ಹಿಂದೆ ಸರಿಯಬಲ್ಲದು. ಹೀಗಾಗಿಯೇ ಮೊದಲ ನಿಯಮ. ಇಪ್ಪತ್ತು ಮಕ್ಕಳಿಗೆ ಇಬ್ಬರು ಮೇಷ್ಟ್ರು ಸಾಕಾಗುವ ಕೆಲಸವಲ್ಲ ಇದು, ಇಪ್ಪತ್ತು ಮಕ್ಕಳಿಗೆ ಇಪ್ಪತ್ತು ಜನ ಬೇಕು. ಯಾವ ಶಾಲೆಯೂ ಅಷ್ಟು ಜನರಿಗೆ ಸಂಬಳ ಕೊಡಲಾರದು. ಸ್ವಯಂಸೇವೆ ಇಲ್ಲಿ ಉಪಕಾರದ ಮಾತಿಗಿಂತ ಹೆಚ್ಚಾಗಿ ಅಂಕಗಣಿತದ ಮಾತು.

ಆ ಕೈಗಳಿಗೂ ತರಬೇತಿ ಬೇಕು. ಹಿಡಿಯಬಾರದು, ಅಂಗೈ ತೆರೆದು ಕೆಳಗಿಡಬೇಕು. ಬೆರಳು ಬಿಗಿದರೆ ನಮ್ಮ ಹೆದರಿಕೆ ಚರ್ಮದ ಮೂಲಕ ಮಗುವಿಗೆ ಹೋಗುತ್ತದೆ, ಅದರ ಸ್ನಾಯುವೂ ಬಿಗಿಯುತ್ತದೆ. ನಮ್ಮ ಭುಜ ನೀರಿನ ಮಟ್ಟಕ್ಕೆ ಇಳಿದಿರಬೇಕು, ಕಣ್ಣು ಮಗುವಿನ ಕಣ್ಣಿನ ಎತ್ತರದಲ್ಲಿರಬೇಕು. ಮೊದಲ ಕೆಲವು ವಾರ ಈಜಿನ ಮಾತೇ ಇಲ್ಲ. ನೀರು ಮುಖದ ಹತ್ತಿರ ಬಂದಾಗಲೆಲ್ಲ ಊದುವುದು, ಅಷ್ಟೇ. ಬಾಯಿ ನೀರಿಗೆ ತಾಗಿಸಿ ಗುಳುಗುಳು ಮಾಡುವುದು, ಟೇಬಲ್ ಟೆನ್ನಿಸ್ ಚೆಂಡನ್ನು ಊದಿ ಕಟ್ಟೆಗೆ ಮುಟ್ಟಿಸುವುದು, ಹಾಡನ್ನು ನೀರೊಳಗೆ ಗುನುಗುವುದು. ಮಕ್ಕಳಿಗೆ ಆಟ. ನಮಗೆ ಗೊತ್ತಿರುವುದೇನೆಂದರೆ, ಊದುತ್ತಿರುವವನು ಅದೇ ಕ್ಷಣದಲ್ಲಿ ನೀರನ್ನು ಒಳಗೆಳೆದುಕೊಳ್ಳಲಾರ. ಕುತ್ತಿಗೆಯವರೆಗೆ ಮುಳುಗಿದಾಗ ಎದೆಗೂಡಿನ ಮೇಲಿನ ನೀರಿನ ಒತ್ತಡದಿಂದ ಉಸಿರಾಟದ ಶ್ರಮ ಸುಮಾರು ಶೇ. 60ರಷ್ಟು ಹೆಚ್ಚುತ್ತದೆ. ಎದೆಯ ಸ್ನಾಯು ದುರ್ಬಲವಾಗಿರುವ ಮಗುವಿಗೆ ಈ ಆಟವೇ ವ್ಯಾಯಾಮ, ಅತಿಯಾದರೆ ಆಯಾಸವೂ ಹೌದು. ತುಟಿಯ ಬಣ್ಣ ನೋಡುತ್ತಿರಬೇಕು.

ನಿಲ್ಲುವ ಆಳಕ್ಕೂ ಒಂದು ಲೆಕ್ಕವಿದೆ. ಸೊಂಟದವರೆಗಿನ ನೀರಿನಲ್ಲಿ ಕಾಲಿನ ಮೇಲೆ ಬೀಳುವುದು ದೇಹದ ತೂಕದ ಅರ್ಧದಷ್ಟು, ಎದೆಯವರೆಗೆ ಮೂರನೇ ಒಂದು, ಕುತ್ತಿಗೆಯವರೆಗೆ ಹತ್ತನೇ ಒಂದು. 25 ಕಿಲೋ ತೂಗುವ ಹುಡುಗನ ಪಾದಕ್ಕೆ ಅಲ್ಲಿ ಎರಡೂವರೆ ಕಿಲೋ ಮಾತ್ರ. ನೆಲದ ಮೇಲೆ ವಾಕರ್ ಇಲ್ಲದೆ ಹೆಜ್ಜೆ ಇಡದವನು ನೀರಿನಲ್ಲಿ ನನ್ನ ಎರಡು ಬೆರಳು ಹಿಡಿದು ನಡೆದ. ದಡದಲ್ಲಿದ್ದ ಅವನ ಅಮ್ಮ ಎದ್ದು ನಿಂತರು, ಏನೂ ಮಾತಾಡಲಿಲ್ಲ. ಆದರೆ ನೀರು ಎದೆಯ ಕೆಳಭಾಗವನ್ನು, ಸುಮಾರಾಗಿ ಬೆನ್ನುಮೂಳೆಯ ಹನ್ನೊಂದನೇ ಎದೆ ಕಶೇರುಕದ ಮಟ್ಟವನ್ನು ದಾಟಿದ ಮೇಲೆ ಎತ್ತುವ ಬಲ ಗೆಲ್ಲತೊಡಗುತ್ತದೆ, ಪಾದಕ್ಕೆ ನೆಲದ ಹಿಡಿತ ತಪ್ಪುತ್ತದೆ. ನಡಿಗೆ ಕಲಿಸುವಾಗ ಆ ಗೆರೆಯ ಈಚೆ, ತೇಲುವುದು ಕಲಿಸುವಾಗ ಆಚೆ.

ನೀರಿನ ಬಿಸಿಯೂ ಮುಖ್ಯ. ಗಾಳಿಗಿಂತ ನೀರು ಶಾಖವನ್ನು ಸುಮಾರು 25 ಪಟ್ಟು ವೇಗವಾಗಿ ಸಾಗಿಸುತ್ತದೆ. ಸ್ಪರ್ಧೆಯ ಕೊಳಗಳನ್ನು 25ರಿಂದ 28 ಡಿಗ್ರಿಯಲ್ಲಿ ಇಡುತ್ತಾರೆ. ವೇಗವಾಗಿ ಈಜುವವನಿಗೆ ಅದು ಹಿತ. ನಿಧಾನವಾಗಿ ಚಲಿಸುವ, ಬಿಗಿ ಸ್ನಾಯುಗಳ ಮಗುವಿಗೆ 32ರಿಂದ 34 ಡಿಗ್ರಿ ಬೇಕು. ಚಳಿಗೆ ಬಿಗಿತ ಏರುತ್ತದೆ, ಬೆಚ್ಚನೆ ನೀರಿನಲ್ಲಿ ಸಡಿಲುತ್ತದೆ. ಚೆನ್ನೈನ ಬೇಸಿಗೆ ಎಲ್ಲರಿಗೂ ಶಾಪ, ನಮ್ಮ ಮಕ್ಕಳಿಗೆ ಮಾತ್ರ ವರ. ಏಪ್ರಿಲ್‌, ಮೇ ತಿಂಗಳಲ್ಲಿ ತೆರೆದ ಕೊಳ ಖರ್ಚಿಲ್ಲದೆ ಕಾಯುತ್ತದೆ. ಡಿಸೆಂಬರಿನಲ್ಲಿ ಕಾಲು ಗಂಟೆ ಸಾಕು, ಟವೆಲ್ ಸುತ್ತಿ ಎತ್ತಿಕೊಂಡುಬಿಡುತ್ತೇವೆ.

ನಮ್ಮ ಗುಂಪಿನಲ್ಲಿ ಆಟಿಸಂ ಇರುವ ಮಕ್ಕಳೇ ಹೆಚ್ಚು. ಅವರ ಬಗ್ಗೆ ಒಂದು ಅಂಕಿ ಹೇಳಲೇಬೇಕು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಜೋಸೆಫ್ ಗುವಾನ್ ಮತ್ತು ಗುವೊಹುವಾ ಲಿ ಅಲ್ಲಿನ ಮರಣ ದಾಖಲೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 15 ವರ್ಷದೊಳಗಿನ ಆಟಿಸಂ ಇರುವ ಮಕ್ಕಳು ನೀರಲ್ಲಿ ಮುಳುಗಿ ಸಾಯುವ ಸಂಭವ ಇತರ ಮಕ್ಕಳಿಗಿಂತ 160 ಪಟ್ಟು ಹೆಚ್ಚು. ಈ ಮಕ್ಕಳಲ್ಲಿ ಹಲವರಿಗೆ ನೀರೆಂದರೆ ವಿಪರೀತ ಸೆಳೆತ. ಮನೆಯಿಂದ ಹೇಳದೆ ಹೊರಟುಬಿಡುವುದೂ ಸಾಮಾನ್ಯ. ಬಾಗಿಲು ತೆರೆದಿದ್ದ ಐದು ನಿಮಿಷ, ಹತ್ತಿರದಲ್ಲೊಂದು ಕೆರೆಯೋ ಸಂಪೋ ಇದ್ದರೆ ಸಾಕು. ಅವರು ಕೂಗುತ್ತಾರೆಂದು ಕಾಯುವ ಹಾಗಿಲ್ಲ. ಮುಳುಗುವವರು ಸಿನಿಮಾದಲ್ಲಿ ತೋರಿಸುವಂತೆ ಕೈ ಬೀಸಿ ಕಿರುಚುವುದಿಲ್ಲ ಎಂಬುದನ್ನು ನ್ಯೂಯಾರ್ಕಿನ ಜೀವರಕ್ಷಕ ಫ್ರಾನ್ಸೆಸ್ಕೊ ಪಿಯಾ 1970ರ ದಶಕದಲ್ಲೇ ಗಮನಿಸಿ ಬರೆದಿದ್ದರು. ಬಾಯಿ ನೀರಿನ ಮೇಲೆ ಬರುವ ಚೂರು ಸಮಯದಲ್ಲಿ ಉಸಿರು ತೆಗೆದುಕೊಳ್ಳುವುದೇ ಆಗುವುದಿಲ್ಲ, ಕೂಗುವುದು ಎಲ್ಲಿಂದ? ಕೈಗಳು ಪಕ್ಕಕ್ಕೆ ಚಾಚಿ ನೀರನ್ನು ಅದುಮುತ್ತವೆ. ಇಪ್ಪತ್ತರಿಂದ ಅರವತ್ತು ಸೆಕೆಂಡು, ಆಮೇಲೆ ಮೌನ. ಆದ್ದರಿಂದ ಈ ಮಕ್ಕಳಿಗೆ ಈಜು ಕಲಿಸುವುದನ್ನು ನಾನು ಹವ್ಯಾಸ ತರಗತಿಯ ಸಾಲಿಗೆ ಸೇರಿಸುವುದಿಲ್ಲ, ಲಸಿಕೆಯ ಸಾಲಿಗೆ ಸೇರಿಸುತ್ತೇನೆ.

ಸೆಳೆತ ಯಾಕಿರಬಹುದು? ನೀರು ಮೈಯನ್ನು ಎಲ್ಲ ಕಡೆಯಿಂದ ಸಮವಾಗಿ ಒತ್ತುತ್ತದೆ, ಬಿಗಿಯಾಗಿ ಹೊದಿಸಿದ ಕಂಬಳಿಯ ಹಾಗೆ. ಹಲವು ಮಕ್ಕಳು ಅದರಲ್ಲಿ ಶಾಂತರಾಗುವುದನ್ನು ಕಂಡಿದ್ದೇನೆ. ಹಾಗೆಯೇ ಕೊಳದ ಆವರಣ ಅವರಿಗೆ ಹಿಂಸೆಯೂ ಆಗಬಹುದು: ಸೀಟಿ, ಗೋಡೆಗೆ ಬಡಿದು ಮರಳುವ ಗದ್ದಲ, ಆ ಘಾಟು. ಕ್ಲೋರಿನ್ ವಾಸನೆ ಎಂದು ನಾವು ಕರೆಯುವುದು ಬಹುಮಟ್ಟಿಗೆ ಶುದ್ಧ ಕ್ಲೋರಿನ್ನಿನದಲ್ಲ. ಬೆವರು, ಮೂತ್ರದ ಜೊತೆ ಅದು ಸೇರಿ ಹುಟ್ಟುವ ಕ್ಲೋರಮೈನ್‌ಗಳದು. ಇಳಿಯುವ ಮೊದಲು ಎಲ್ಲರೂ ಸ್ನಾನ ಮಾಡಿದರೆ ಘಾಟು ಎಷ್ಟೋ ಕಡಿಮೆ. ಮಾತು ಬಾರದ ಮಗುವಿಗೆ ಚಿತ್ರದ ಕಾರ್ಡುಗಳು: ಬಟ್ಟೆ, ಸ್ನಾನ, ಮೆಟ್ಟಿಲು, ನೀರು, ಟವೆಲ್, ಮನೆ. ಕೊನೆಯ ಎರಡು ಚಿತ್ರಗಳೇ ಅತಿ ಮುಖ್ಯ. ನೀರಿಗೆ ಇಳಿಸುವುದಕ್ಕಿಂತ ಎತ್ತುವುದು ಕಷ್ಟ.

ಈಜಿನಿಂದ ಆಟಿಸಂ ಗುಣವಾಗುತ್ತದೆ ಎಂದು ಹೇಳುವವರಿದ್ದಾರೆ. ಹೆತ್ತವರು ನನ್ನನ್ನೂ ಆಸೆಯಿಂದ ಕೇಳಿದ್ದಾರೆ. ಇಲ್ಲ. ಅದು ವಾಸಿ ಮಾಡಬೇಕಾದ ಜ್ವರವಲ್ಲ. ಈಜಿನ ಪರಿಣಾಮದ ಬಗ್ಗೆ ನಡೆದ ಅಧ್ಯಯನಗಳು ಬಹುತೇಕ ಸಣ್ಣವು, ಕೆಲವೇ ಮಕ್ಕಳನ್ನು ನೋಡಿದವು. ಅವು ಖಚಿತವಾಗಿ ತೋರಿಸುವುದು ಒಂದನ್ನು: ಸರಿಯಾಗಿ ಕಲಿಸಿದರೆ ಈ ಮಕ್ಕಳು ಈಜು ಕಲಿಯುತ್ತಾರೆ. ನನಗೆ ಅಷ್ಟು ಸಾಕು.

ಕಲಿಸುವವರು ಪ್ರತಿ ಮಗುವಿನ ವೈದ್ಯರ ಚೀಟಿ ಓದಿಯೇ ನೀರಿಗಿಳಿಯಬೇಕು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಹುಟ್ಟಿನಿಂದ ಹೃದಯದ ದೋಷವಿರುತ್ತದೆ. ಕೆಲವರಲ್ಲಿ ಕುತ್ತಿಗೆಯ ಮೊದಲ ಎರಡು ಮೂಳೆಗಳ ನಡುವಿನ ಕಟ್ಟು ಸಡಿಲ, ಅವರು ತಲೆ ಮುಂದಾಗಿ ಧುಮುಕಲೇಬಾರದು. ಸ್ಪೈನಾ ಬೈಫಿಡಾ ಇರುವವರಲ್ಲಿ ಲ್ಯಾಟೆಕ್ಸ್ ಅಲರ್ಜಿ ಸಾಮಾನ್ಯ, ಆದ್ದರಿಂದ ಟೋಪಿ ಸಿಲಿಕೋನಿನದು. ಕಿವಿಯ ಯಂತ್ರ ತೆಗೆದಿಟ್ಟು ಇಳಿಯುವ ಮಗುವಿನ ಜೊತೆ ಸನ್ನೆಗಳನ್ನು ದಡದಲ್ಲೇ ಮಾತಾಡಿಕೊಂಡಿರಬೇಕು. ಅಪಸ್ಮಾರ ಇರುವವರಿಗೆ ಮುಳುಗಿ ಸಾಯುವ ಅಪಾಯ ಇತರರಿಗಿಂತ 15ರಿಂದ 19 ಪಟ್ಟು ಎಂದು 2008ರ ಒಂದು ಬ್ರಿಟಿಷ್ ಅಧ್ಯಯನ ಲೆಕ್ಕ ಹಾಕಿತು. ಹಾಗೆಂದು ಅವರನ್ನು ನೀರಿನಿಂದ ದೂರ ಇಡುವುದು ನ್ಯಾಯವಲ್ಲ, ಕೈಯಳತೆಯಲ್ಲಿ ಒಬ್ಬರು ಇರಲೇಬೇಕು. ಫಿಟ್ಸ್ ಬಂದರೆ ಹಿಂದಿನಿಂದ ತಲೆಗೆ ಆಸರೆ ಕೊಟ್ಟು ಮುಖವನ್ನು ನೀರಿನ ಮೇಲಿಡುವುದು, ಅದುಮಿ ಹಿಡಿಯದಿರುವುದು, ಬಾಯಿಗೆ ಏನೂ ತುರುಕದಿರುವುದು, ನಿಂತ ಮೇಲೆ ಮೇಲಕ್ಕೆ ತರುವುದು, ಮಗು ಎಷ್ಟೇ ಚೆನ್ನಾಗಿ ಕಂಡರೂ ವೈದ್ಯರಿಗೆ ತೋರಿಸುವುದು, ಯಾಕೆಂದರೆ ಶ್ವಾಸಕೋಶಕ್ಕೆ ನೀರು ಹೋಗಿರಬಹುದು. ಇನ್ನೊಂದು ಮಾತು, ಸಂಕೋಚವಿಲ್ಲದೆ ಹೇಳಬೇಕಾದದ್ದು. ಮೈ ಮುಟ್ಟದೆ ಈ ಕೆಲಸ ಆಗದು. ಆದ್ದರಿಂದ ಬಟ್ಟೆ ಬದಲಿಸುವಲ್ಲಿ ಹೆತ್ತವರೇ ಇರಬೇಕು, ಯಾವ ಸ್ವಯಂಸೇವಕರೂ ಮಗುವಿನ ಜೊತೆ ಕಣ್ಮರೆಯಲ್ಲಿ ಒಂಟಿಯಾಗಿ ಇರಬಾರದು, ಮುಟ್ಟುವ ಮೊದಲು ಎಲ್ಲಿ ಮುಟ್ಟುತ್ತೇನೆಂದು ಮಗುವಿಗೆ ಹೇಳಬೇಕು. ಒಳ್ಳೆಯವರಿಗೂ ಈ ನಿಯಮ ಅನ್ವಯಿಸಿದರೆ ಮಾತ್ರ ಅದು ಕೆಟ್ಟವರನ್ನು ತಡೆಯುತ್ತದೆ.

ಕಲಿತವರು ಎಲ್ಲಿಯವರೆಗೆ ಹೋಗಬಲ್ಲರು ಎಂಬುದಕ್ಕೆ ನಮ್ಮ ಬೆಂಗಳೂರಿನಲ್ಲೇ ಸಾಕ್ಷಿಯಿದೆ. ಎಡಗೈ ಪೂರ್ಣ ಬೆಳೆಯದೆ ಹುಟ್ಟಿದ ಶರತ್ ಗಾಯಕ್‌ವಾಡ್ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿದರು, 2014ರ ಇಂಚಾನ್ ಏಷ್ಯನ್ ಪ್ಯಾರಾ ಕ್ರೀಡಾಕೂಟದಿಂದ ಆರು ಪದಕ ತಂದರು. ಸ್ಪೈನಾ ಬೈಫಿಡಾ ಇರುವ ನಿರಂಜನ್ ಮುಕುಂದನ್ ಅವರನ್ನು ಬಾಲ್ಯದಲ್ಲಿ ನೀರಿಗೆ ಇಳಿಸಿದ್ದು ವೈದ್ಯರ ಸಲಹೆಯಿಂದ. ಕಾಲಿಗೆ ಬಲ ಬರಲೆಂದು ಇಳಿದವರು ಟೋಕಿಯೊ ಪ್ಯಾರಾಲಿಂಪಿಕ್ಸ್ ತಲುಪಿದರು. ನಮ್ಮ ತಮಿಳು ಕಡಲಿನದೇ ಇನ್ನೊಂದು. ಆಟಿಸಂ ಇರುವ ಮುಂಬೈನ ಜಿಯಾ ರಾಯ್, ನೌಕಾಪಡೆಯ ಉದ್ಯೋಗಿಯ ಮಗಳು, 2022ರ ಮಾರ್ಚ್ 20ರಂದು ಶ್ರೀಲಂಕಾದ ತಲೈಮನ್ನಾರಿನಿಂದ ಧನುಷ್ಕೋಟಿಯ ಅರಿಚಲ್‌ಮುನೈವರೆಗೆ 29 ಕಿ.ಮೀ. ಪಾಕ್ ಜಲಸಂಧಿಯನ್ನು 13 ಗಂಟೆ 10 ನಿಮಿಷಗಳಲ್ಲಿ ದಾಟಿದಳು. ಆಗ ಅವಳಿಗೆ 13 ವರ್ಷ. 2024ರಲ್ಲಿ ಇಂಗ್ಲಿಷ್ ಕಾಲುವೆಯನ್ನೂ ಈಜಿದಳು. ಅದೇ ವರ್ಷ ಫೆಬ್ರವರಿಯಲ್ಲಿ ಆಟಿಸಂ ಇರುವ 14 ಮಕ್ಕಳು ಸರದಿಯ ಮೇಲೆ ಈಜುತ್ತಾ ಕಡಲೂರಿನಿಂದ ಚೆನ್ನೈವರೆಗೆ ಸುಮಾರು 165 ಕಿ.ಮೀ. ಬಂದರು. ಪ್ಯಾರಾ ಈಜಿನಲ್ಲಿ ಅಂಧ ಸ್ಪರ್ಧಿಗಳಿಗೆ ಗೋಡೆ ಹತ್ತಿರ ಬಂತೆಂದು ಮೆತ್ತನೆ ತುದಿಯ ಕೋಲಿನಿಂದ ಮೆಲ್ಲಗೆ ತಟ್ಟುವವರೊಬ್ಬರು ದಡದಲ್ಲಿ ನಿಂತಿರುತ್ತಾರೆ. ಒಂದು ಕ್ಷಣ ಮೊದಲು ತಟ್ಟಿದರೆ ಲಯ ತಪ್ಪುತ್ತದೆ, ತಡವಾದರೆ ತಲೆಗೆ ಪೆಟ್ಟು. ಆ ಕೋಲು ಹಿಡಿದವರನ್ನು ನೋಡುವಾಗ ನನಗೆ ಪದಕಕ್ಕಿಂತ ಅದೇ ಹೆಚ್ಚು ಕಣ್ಣಿಗೆ ಬೀಳುತ್ತದೆ.

ಆದರೆ ನನ್ನ ಹುಡುಗ ಕಾಲುವೆ ದಾಟಬೇಕಾಗಿಲ್ಲ. ಅವನ ಊರಿನ ಕಡಲಲ್ಲಿ ಕಾಲಿಡುವಂತಾದರೆ ಸಾಕಿತ್ತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಕ್ರೀಡೆ, ಮನರಂಜನೆಗಳಲ್ಲೂ ಅವರಿಗೆ ಪಾಲಿದೆ ಎನ್ನುತ್ತದೆ. ಮರೀನಾದಲ್ಲಿ ಗಾಲಿಕುರ್ಚಿ ಅಲೆಯ ಹತ್ತಿರದವರೆಗೆ ಹೋಗುವಂತೆ ಮರದ ಹಾದಿಯೊಂದು 2022ರ ನವೆಂಬರಿನಲ್ಲಿ ತೆರೆಯಿತು. ವರ್ಷಗಟ್ಟಲೆ ಅಂಗವಿಕಲರ ಸಂಘಟನೆಗಳು ಕೇಳಿ ಪಡೆದದ್ದು. ಎರಡು ವಾರದೊಳಗೆ ಮಾಂಡೂಸ್ ಚಂಡಮಾರುತ ಅದರ ಒಂದು ಭಾಗವನ್ನು ಕಿತ್ತುಹಾಕಿತು, ಮತ್ತೆ ಕಟ್ಟಿದರು. ಅವನ ಅಮ್ಮ ಒಂದು ಭಾನುವಾರ ಅಲ್ಲಿಗೆ ಕರೆದುಕೊಂಡು ಹೋದರು. ರಾಯಪುರಂನ ಮಗು ಕಡಲಿನ ನೀರನ್ನು ಪಾದದ ಮೇಲೆ ಮೊದಲ ಸಲ ಕಂಡದ್ದು ಮರೀನಾದಲ್ಲಿ, ತನ್ನ ಊರಿಗೆ ಬರದೆ ನಿಂತ ಮರಳಿನ ಮೇಲೆ.

ಮ್ಯಾಕ್‌ಮಿಲನ್ ಕ್ರಮದ ಕೊನೆಯ ಹಂತಗಳಲ್ಲಿ ಒಂದು ನನಗೆ ಬಹಳ ಇಷ್ಟ. ಅದನ್ನು ಯೋಚಿಸಲು ನೀರಿನ ಎಂಜಿನಿಯರೇ ಬೇಕಿತ್ತು. ಮಗು ಅಂಗಾತ ತೇಲುತ್ತಿರುತ್ತದೆ. ಸಹಾಯಕಿ ಅದರ ತಲೆಯ ಆಚೆ ನಿಂತು, ಭುಜಗಳ ಕೆಳಗಿನ ನೀರನ್ನು ಕೈಯಿಂದ ಕಲಕುತ್ತಾ ಹಿಂದಕ್ಕೆ ಹೆಜ್ಜೆ ಹಾಕುತ್ತಾಳೆ. ಮಗುವನ್ನು ಮುಟ್ಟುವುದಿಲ್ಲ. ಚಲಿಸುವ ಮೈಯ ಹಿಂದೆ ನೀರು ಸುಳಿಯಾಗಿ ಒಡೆಯುತ್ತದೆ, ಅಲ್ಲಿ ಒತ್ತಡ ತಗ್ಗುತ್ತದೆ, ಸುತ್ತಲಿನ ನೀರು ಆ ಜಾಗಕ್ಕೆ ನುಗ್ಗುತ್ತದೆ. ತೇಲುತ್ತಿರುವ ಮಗುವೂ ಅದರ ಜೊತೆ ಸಾಗುತ್ತದೆ. ಲಾರಿಯ ಹಿಂದೆ ಒಣ ಎಲೆಗಳು ಓಡುವುದನ್ನು ನೋಡಿರುತ್ತೀರಿ, ಅದೇ. ಮಗುವಿನ ಕೆಲಸ ಒಂದೇ: ಏನೂ ಮಾಡದೆ, ಉರುಳದೆ ಇರುವುದು. ಸಾಗುವಾಗ ನೀರು ಮೈಯನ್ನು ಅತ್ತಿತ್ತ ಎಳೆಯುತ್ತದೆ, ಆ ಎಳೆತವನ್ನು ತಲೆಯ ಸಣ್ಣ ತಿರುವಿನಿಂದ ಸರಿಪಡಿಸಿಕೊಳ್ಳಬೇಕು.

ಹತ್ತು ತಿಂಗಳು ಬೇಕಾಯಿತು. ಮೇ ತಿಂಗಳ ಒಂದು ಬೆಳಗ್ಗೆ, ನೀರು ಬೆಚ್ಚಗಿತ್ತು, ಕೊಳದಲ್ಲಿ ಬೇರೆ ಯಾರೂ ಇಳಿದಿರಲಿಲ್ಲ. ಅವನ ಬೆನ್ನಿನ ಕೆಳಗಿದ್ದ ನನ್ನ ಅಂಗೈಗಳನ್ನು ಮೊದಲು ಒಂದು ಬೆರಳಷ್ಟು ಇಳಿಸಿದೆ, ಆಮೇಲೆ ಪೂರ್ತಿ ತೆಗೆದೆ. ತೋಳು ಹರವಿಕೊಂಡು ಮಲಗಿದ್ದ. ನಾನು ನೀರನ್ನು ಕಲಕುತ್ತಾ ಹಿಂದೆ ಹಿಂದೆ ನಡೆದೆ, ಅವನು ನನ್ನ ಹಿಂದೆ ಬಂದ. ಕೊಳದ ನಡುವಿನಲ್ಲಿ ಎಡಗಡೆ ವಾಲತೊಡಗಿದ. ನನ್ನ ಕೈ ಮುಂದೆ ಹೋಯಿತು, ತಡೆದುಕೊಂಡೆ. ಅವನು ಗಲ್ಲವನ್ನು ಬಲಕ್ಕೆ ಒಂದು ಚೂರು ತಿರುಗಿಸಿದ, ತುಟಿಯ ಹತ್ತಿರ ಬಂದ ನೀರನ್ನು ಫೂ ಎಂದು ಊದಿದ, ಮೈ ನಿಧಾನವಾಗಿ ಸಮವಾಯಿತು.

“ಅಕ್ಕಾ, ಕೈ ಎಲ್ಲಿ?” ಎಂದು ಆಕಾಶ ನೋಡುತ್ತಲೇ ಕೇಳಿದ.

ಎರಡೂ ಕೈ ಎತ್ತಿ ಅವನ ಮುಖದ ಮೇಲ್ಗಡೆ ಹಿಡಿದು ತೋರಿಸಿದೆ. ಬೆರಳಿನಿಂದ ಹನಿಗಳು ಅವನ ಹಣೆಯ ಮೇಲೆ ಬಿದ್ದವು. ದಡದಲ್ಲಿ ತಾತ ತಮ್ಮ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.